ತಂದೆ: ಪೂನಮ್

ಬೈಲಹೊಂಗಲ
೧೪ ಜೂನ್ ೨೦೦೫

ಮಗಳು ಪೂನಮ್‌ಗೆ,

ಫೋನಿನಲ್ಲಿ ಬೈದರೆ ನೀನು "ಆಮ್ಯಾಲೆ ಮಾತಾಡ್ತೇನಿ ಬೇ" ಎಂದು ಇಟ್ಟುಬಿಡುತ್ತೀ. ಕಾಗದವನ್ನು ಹಾಗೆ ಇಡಲು ಬರುವುದಿಲ್ಲ. ಇದು ಪುಣೆಯವರೆಗೂ ಬರುತ್ತದೆ, ನಿನ್ನ ಕೋಣೆಯ ಬಾಗಿಲು ಬಡಿಯುತ್ತದೆ, ಸೊಂಟದ ಮೇಲೆ ಕೈಯಿಟ್ಟು ನಿನ್ನೆದುರು ನಿಲ್ಲುತ್ತದೆ. ಕುಳಿತುಕೊಂಡು ಓದು.

ನಿನ್ನೆ ನಿನ್ನ ಮಗಳನ್ನು ಕಿತ್ತೂರಿನ ವಸತಿ ಶಾಲೆಗೆ ಬಿಡಲು ಹೋಗಿದ್ದೆ. ಟ್ರಂಕು ನನ್ನ ತಲೆಯ ಮೇಲೆ, ಹಾಸಿಗೆಯ ಸುರುಳಿ ಅವಳ ಬಗಲಲ್ಲಿ. ಬಸ್ಸಿನುದ್ದಕ್ಕೂ ಮಧುವಿನದು ಒಂದೇ ಮಾತು, "ಆಯಿ, ಅಲ್ಲಿ ಪುಸ್ತಕದ ಖೋಲಿಗೆ ಕೀಲಿ ಹಾಕೂದಿಲ್ಲಂತ." ಹನ್ನೊಂದು ವರ್ಷದ ಹುಡುಗಿಗೆ ಸ್ವರ್ಗವೆಂದರೆ ಕೀಲಿಯಿಲ್ಲದ ಒಂದು ಕೋಣೆ.

ಹೆಡ್ಮಾಸ್ತರ ರಾಮಲಿಂಗಪ್ಪನವರು ನಗುತ್ತಲೇ ಬರಮಾಡಿಕೊಂಡರು. ನೀನು ಕೆಲಸ ಮಾಡುವ ಆ ವಿದ್ಯಾರ್ಥಿ ರಕ್ಷಾ ನಿಧಿಯಿಂದ ಬಂದ ಕಾರ್ಡನ್ನು ತೆಗೆದರು. ಅವಳ ಊಟ, ಹಾಸಿಗೆ, ಪುಸ್ತಕ ಎಲ್ಲ ನಿಂತಿರುವುದು ಆ ಕಾರ್ಡಿನ ಮೇಲೆ. ಕನ್ನಡಕ ಏರಿಸಿ ಗಟ್ಟಿಯಾಗಿ ಓದಿದರು. ವಿದ್ಯಾರ್ಥಿನಿ: ಮಧು. ಪಾಲಕರು: ಪೂನಮ್. ಸಂಬಂಧ: ತಂದೆ.

ತಂದೆ.

ಪೂನಮ್, ಮೂವತ್ತು ವರ್ಷ ರಂಗದ ಮೇಲೆ ನಿಂತವಳು ನಾನು. ಖಡ್ಗ ಬಿದ್ದರೂ, ಪರದೆಗೆ ಬೆಂಕಿ ಹತ್ತಿದರೂ ಮಾತು ಮರೆತವಳಲ್ಲ. ನಿನ್ನೆ ಮರೆತೆ.

ಆಮೇಲೆ ಹೇಳಿದೆ, ಪೂನಮ್ ಎಂಬಾಕೆ ಈ ಹುಡುಗಿಯನ್ನು ಹೆತ್ತವಳು, ನಾನು ಆಕೆಯನ್ನು ಹೆತ್ತವಳು, ಇದರಲ್ಲಿ ತಂದೆ ಎಲ್ಲಿಂದ ಬಂದ ಎಂದು. ಅವರು ಬಹಳ ಸಮಾಧಾನದಿಂದ ಉತ್ತರಿಸಿದರು. "ಹೆಸರು ಬರಿಯೂದ್ರಾಗ ಯಾರರೆ ತಪ್ಪಿರಬಹುದು ಬಾಯಾರ. ಸಂಬಂಧ ತಪ್ಪೂದಿಲ್ಲ. ಅದು ಕಂಪ್ಯೂಟರಿಂದ ಬಂದದ್ದು."

ಹೆಸರೂ ಅದೇ ಕಂಪ್ಯೂಟರಿನಿಂದ ಬಂದದ್ದಲ್ಲವೇ ಎಂದು ಕೇಳಿದೆ. ಅದಕ್ಕೆ ಅವರು ನಿಯಮ ತೆಗೆದರು. ಪಾಲಕರು ತಾಯಿಯಾದರೆ ತಾಯಿಯ ಸಹಿ ಸಾಕು. ತಂದೆ ಎಂದಿದ್ದರೆ ತಂದೆಯೇ ಬಂದು ಸಹಿ ಮಾಡಬೇಕು. ಗಣೇಶ ಚೌತಿಯೊಳಗೆ ಬರದಿದ್ದರೆ ಹುಡುಗಿಯನ್ನು ಮನೆಗೆ ಕಳಿಸುತ್ತಾರೆ. ಹೀಗೆಂದು ಹಾಳೆ ಎಳೆದುಕೊಂಡು ಮಧುವಿನ ಅಪ್ಪನ ವಿಳಾಸ ಕೇಳಿದರು.

ಮಧು ನನ್ನ ಸೆರಗು ಹಿಡಿದಳು. ಮೂರು ವರ್ಷದವಳಿದ್ದಾಗ ಆ ಅಪ್ಪ ವಿರೂಪಾಕ್ಷ ನಿನ್ನ ಮೇಲೆ ಬೆಲ್ಟು ಬಿಚ್ಚಿದ್ದನ್ನು ಕಂಡವಳು. ರಾಮದುರ್ಗದಿಂದ ನೀನು ಅವಳನ್ನು ಹೊತ್ತು ಬರಿಗಾಲಲ್ಲಿ ಬಂದದ್ದು ಅವಳಿಗೆ ನೆನಪಿಲ್ಲವೆಂದು ನೀನು ಅಂದುಕೊಂಡಿದ್ದೀ. ಸೆರಗು ಹಿಡಿದ ಕೈಯನ್ನು ನೀನು ನೋಡಬೇಕಿತ್ತು. ನಾನು ವಿಳಾಸ ಕೊಡಲಿಲ್ಲ. ಆದರೆ ರಾಮದುರ್ಗದ ಟೆಂಪೋ ವಿರೂಪಾಕ್ಷನನ್ನು ಹುಡುಕಲು ಯಾರಿಗೆ ವಿಳಾಸ ಬೇಕು?

ನಿನ್ನ ಅಪ್ಪ ಸತ್ಯಪ್ಪ ತಬಲಾ ಗಂಟು ಕಟ್ಟಿಕೊಂಡು ಬೇರೆ ನಾಟಕ ಕಂಪನಿಗೆ ಹೋದವನು ತಿರುಗಿ ನೋಡಲಿಲ್ಲ. ಆಗ ಬೈಲಹೊಂಗಲದ ಶಾಲೆಯಲ್ಲಿ ಮೇಜು ಗುದ್ದಿ ನನ್ನ ಹೆಸರು ಬರೆಸಿದೆ. ಸಂಬಂಧ ತಾಯಿ ಎಂದು ಬರೆಸಿದೆ. ಆ ಒಂದು ಶಬ್ದಕ್ಕಾಗಿ ನಾನು ಆಡಿದ ಜಗಳ ನಿನಗೆ ಗೊತ್ತು.

ಈಗ ಹೇಳು. ಇದನ್ನು ಅಳಿಸಿ ಅದನ್ನು ಬರೆದ ಕೈ ಯಾವುದು? ಹೆಸರು ಹೇಳಿದರೆ ಸಾಕು. ಪುಣೆಗೆ ಬಂದು ಅವನ ಎದೆಯ ಮೇಲೆ ಕಾಲಿಡುತ್ತೇನೆ.

ಉಸಿರು ಇನ್ನೂ ಬಿಸಿಯಿರುವ,
ನಿನ್ನ ತಾಯಿ
ಶೆಟ್ಟೆವ್ವ


ಪುಣೆ
೨೭ ಜೂನ್ ೨೦೦೫

ಅವ್ವಗೆ,

ಎದೆಯ ಮೇಲೆ ಕಾಲಿಡಲು ಬರುವುದಾದರೆ ವಿಳಾಸ ನಿನ್ನ ಹತ್ತಿರ ಇದೆ. ಆ ಕೈ ನನ್ನದು.

ಕೂಗುವ ಮೊದಲು ಕೇಳು. ನಮ್ಮಲ್ಲಿ ಮೇನ್‌ಫ್ರೇಮ್ ಎಂಬ ದೊಡ್ಡ ಯಂತ್ರವಿದೆ. ನಿಧಿಯ ಮಕ್ಕಳೆಲ್ಲ ಅದರೊಳಗೆ ಒಂದೇ ಕಡತದಲ್ಲಿದ್ದಾರೆ, ಒಂದು ಮಗುವಿಗೆ ಒಂದು ಸಾಲು. ಎಲ್ಲ ಇಂಗ್ಲಿಷ್ ಅಕ್ಷರಗಳಲ್ಲಿ. ಸಂಬಂಧಕ್ಕೆ ಒಂದೇ ಅಕ್ಷರದಷ್ಟು ಜಾಗ: ತಾಯಿಯಾದರೆ ಮದರ್ ಎಂಬುದರ ಎಂ, ತಂದೆಯಾದರೆ ಫಾದರ್ ಎಂಬುದರ ಎಫ್. ಕಾರ್ಡು ಅಚ್ಚಾಗುವಾಗ ಆ ಅಕ್ಷರ ನೋಡಿ ಕನ್ನಡದ ಶಬ್ದ ಬೀಳುತ್ತದೆ. ಈ ವರ್ಷ ಮುಂಬಯಿಯ ಪ್ರಧಾನ ಕಚೇರಿ ಹೊಸ ವ್ಯವಸ್ಥೆ ತಂದಿತು. ಅದು ಆ ಜಾಗದಲ್ಲಿ ಎಫ್ ಬಿಟ್ಟು ಬೇರೇನೂ ಒಪ್ಪುವುದಿಲ್ಲ. ತಾಯಂದಿರ ಸಾಲುಗಳೆಲ್ಲ ತಿರಸ್ಕಾರವಾಗಿ ಮರಳಿ ಬಂದವು. ನಮ್ಮ ಮೇಲಿನವರು ಗೌರೀಶ ಸಾಹೇಬರು, ಧಾರವಾಡದವರೇ, "ಎಂ ಇದ್ದಲ್ಲೆಲ್ಲಾ ಎಫ್ ಮಾಡಿ ಕಳಸು, ಮುಗೀತು" ಎಂದರು.

ಅದಕ್ಕೆ ಸಾರ್ಟ್ ಎಂಬ ಸಾಧನವಿದೆ. ಅದರ ಕೆಲಸ ಸಾಲುಗಳನ್ನು ಕ್ರಮವಾಗಿ ನಿಲ್ಲಿಸುವುದು. ನಿಮ್ಮ ಕಂಪನಿಯಲ್ಲಿ ಸೈನಿಕರನ್ನು ಎತ್ತರದ ಪ್ರಕಾರ ನಿಲ್ಲಿಸಿ ರಂಗಕ್ಕೆ ಬಿಡುವುದಿಲ್ಲವೇ, ಹಾಗೆ. ಆದರೆ ಒಂದು ಸಾಲು ಆಜ್ಞೆ ಹೆಚ್ಚಿಗೆ ಬರೆದರೆ, ಹಾದುಹೋಗುವ ಪ್ರತಿ ಸೈನಿಕನ ಕೈಯ ಖಡ್ಗ ಕಿತ್ತು ಭರ್ಜಿ ಕೊಟ್ಟು ಕಳಿಸುತ್ತದೆ. ಒಬ್ಬನನ್ನೂ ಬಿಡುವುದಿಲ್ಲ, ಯಾಕೆಂದು ಕೇಳುವುದಿಲ್ಲ.

ಮೊದಲ ದಿನ ಅವಸರದಲ್ಲಿ ಯಾವ ಜಾಗದ ಎಂ ಎಂದು ನಾನು ಹೇಳಲಿಲ್ಲ. ಅದು ಇಡೀ ಕಡತದ ಎಂ ಕಿತ್ತು ಎಫ್ ಇಟ್ಟಿತು. ರಾಮದುರ್ಗ ರಾಫದುರ್ಗವಾಯಿತು. ನಮ್ಮ ಮಧು ಫಧು ಆದಳು. ಮಾದರಿ ಕಾರ್ಡುಗಳು ಫ್ಯಾಕ್ಸಿನಲ್ಲಿ ಶಾಲೆಗಳಿಗೆ ಹೋಗಿಬಿಟ್ಟಿದ್ದವು. ಮರುದಿನ ಬೆಳಗಾದರೆ ಫೋನು ನಿಲ್ಲಲೇ ಇಲ್ಲ. ಮೊದಲು ಮಾಡಿದವರು ನಿನ್ನ ಹೆಡ್ಮಾಸ್ತರರೇ. ಕಾರ್ಡಿನ ಕೆಳಗೆ ಅವರ ಹೆಸರು ರಾಫಲಿಂಗಪ್ಪ ಎಂದು ಅಚ್ಚಾಗಿತ್ತು. ಕೇಸು ಹಾಕುತ್ತೇನೆ ಎಂದರು. ಸಂಜೆಯೊಳಗೆ ಹಳೆಯ ಪ್ರತಿಯಿಂದ ಎಲ್ಲವನ್ನೂ ಮೊದಲಿನಂತೆ ಮಾಡಿ, ಆ ಒಂದು ಜಾಗದ ಎಂ ಮಾತ್ರ ಎಫ್ ಆಗುವಂತೆ ಆಜ್ಞೆ ತಿದ್ದಿ, ಮತ್ತೆ ಓಡಿಸಿದೆ. ಆ ಎರಡನೆಯ ಓಟದ ಬಗ್ಗೆ ಇವತ್ತಿನವರೆಗೆ ಒಂದು ಫೋನೂ ಬಂದಿಲ್ಲ.

ಹೌದು, ಮಧುವಿನ ಸಾಲು ಅದರಲ್ಲಿದೆ ಎಂದು ಗೊತ್ತಿದ್ದೇ ಒತ್ತಿದೆ. ಒತ್ತದಿದ್ದರೆ ಕಾರ್ಡೇ ಇರುತ್ತಿರಲಿಲ್ಲ. ಊಟ, ಹಾಸಿಗೆ, ಕೀಲಿಯಿಲ್ಲದ ಕೋಣೆ ಯಾವುದೂ ಇರುತ್ತಿರಲಿಲ್ಲ. ನನ್ನ ಹೆಸರಿನ ಪಕ್ಕ ತಂದೆ ಎಂದು ಬಿದ್ದರೆ ನನಗೇನೂ ಮೀಸೆ ಮೊಳೆಯುವುದಿಲ್ಲ. ಅಷ್ಟಕ್ಕೂ ಮೀಸೆ ಹಚ್ಚಿಕೊಂಡೇ ನನ್ನನ್ನು ಸಾಕಿದವಳು ನೀನು. ಊರೂರಲ್ಲಿ ಸೇನಾಪತಿಯ ಪಾರ್ಟು ಮಾಡಿದೆ. ಶಾಲೆಯಲ್ಲಿ ಹುಡುಗರು "ನಿಮ್ಮವ್ವ ಇವತ್ತ ಗಡ್ಡಾ ಬೋಳಿಸ್ಯಾಳೋ ಇಲ್ಲೋ" ಎಂದು ಕೇಳುತ್ತಿದ್ದರು. ಆಗ ನಾನು ಯಾರಿಗೆ ಕಾಗದ ಬರೆಯಬೇಕಿತ್ತು?

ವಿರೂಪಾಕ್ಷನ ಹೆಸರು ಎತ್ತಬೇಡ. ಮಧುವಿನ ಒಂದು ಸಾಲನ್ನು ನಾನು ಕೈಯಿಂದ ತಿದ್ದುತ್ತೇನೆ. ಮುಂಬಯಿಯಲ್ಲಿ ಪರಿಚಯದವಳಿದ್ದಾಳೆ, ಒಂದು ಸಾಲನ್ನು ಹೇಗೋ ಒಳಗೆ ತಳ್ಳಿಸುತ್ತೇನೆ. ಹೊಸ ಕಾರ್ಡು ಬರುತ್ತದೆ. ಯಾರಿಗೂ ಹೇಳದೆ ಕೊಟ್ಟು ಬಾ.

ಪೂನಮ್


ಬೈಲಹೊಂಗಲ
೫ ಜುಲೈ ೨೦೦೫

ಪೂನಮ್,

ನಿನ್ನ ಕಾಗದವನ್ನು ಮೂರು ಸಲ ಓದಿದೆ. ಮೊದಲ ಸಲ ಮಗಳ ಕಾಗದವೆಂದು, ಎರಡನೆಯ ಸಲ ಸರಕಾರಿ ನೋಟೀಸೆಂದು. ಮೂರನೆಯ ಸಲ ಓದುವಾಗ ಒಲೆಯ ಮೇಲಿನ ಸಾರು ಹೊತ್ತಿತು. ಹೊತ್ತಲಿ.

ಮೀಸೆಯ ಮಾತು ಎತ್ತಿದೆಯಲ್ಲ, ಕೇಳು. ನಾನು ಮೀಸೆ ಹಚ್ಚಿಕೊಂಡು ರಂಗಕ್ಕೆ ಹೋದರೆ ಮೂರು ತಾಲೂಕು ನಡುಗುತ್ತಿತ್ತು. ಸೇನಾಪತಿ ಗುಡುಗಿದರೆ ಹಿಂದಿನ ಸಾಲಿನ ಗಂಡಸರು ಬೀಡಿ ಆರಿಸುತ್ತಿದ್ದರು. ಆದರೆ ಪರದೆ ಬಿದ್ದ ಕೂಡಲೆ ಬಣ್ಣದ ಖೋಲಿಗೆ ಬಂದು ಕೊಬ್ಬರಿ ಎಣ್ಣೆ ಸವರಿ ಮೀಸೆ ಕೀಳುತ್ತಿದ್ದೆ. ತುಟಿಯ ಮೇಲಿನ ಚರ್ಮ ಅದರ ಜೊತೆಗೇ ಬರುತ್ತಿತ್ತು. ಆ ಉರಿಯಲ್ಲೇ ನಿನ್ನನ್ನು ಮಡಿಲಿಗೆ ತೆಗೆದುಕೊಂಡು ಹಾಲು ಕುಡಿಸುತ್ತಿದ್ದೆ. ನಾನು ಹಾಕಿದ ವೇಷವನ್ನು ನಾನೇ ಕಳಚಿದೆ. ನೀನು ಅಷ್ಟು ತಾಯಂದಿರಿಗೆ ಅವರನ್ನು ಕೇಳದೆ ಮೀಸೆ ಹಚ್ಚಿ ಕಳಿಸಿದೆ. ನಿನ್ನ ಯಂತ್ರದಲ್ಲಿ ಬಣ್ಣ ಒರೆಸುವ ಖೋಲಿ ಎಲ್ಲಿದೆ?

ಮಧುವಿನ ಒಂದು ಸಾಲು ತಿದ್ದುತ್ತೀಯಂತೆ, ಯಾರಿಗೂ ಹೇಳಬಾರದಂತೆ. ಹೋದ ವಾರ ಸವದತ್ತಿಯ ಬಸ್ ಸ್ಟ್ಯಾಂಡಿನಲ್ಲಿ ಬಳೆ ಮಾರುವ ಸೀತವ್ವ ಸಿಕ್ಕಿದಳು. ಗಂಡ ತೀರಿ ಆರು ವರ್ಷ. ಇಬ್ಬರು ಮಕ್ಕಳನ್ನು ಶಾಲೆಗೆ ಹಾಕಿದ್ದಾಳೆ. ಅವರ ಕಾರ್ಡಿನಲ್ಲಿ ತಂದೆ: ಸೀತವ್ವ. ಈಗ ಶಾಲೆಯಲ್ಲಿ ಅವಳ ಮಕ್ಕಳನ್ನು "ಸೀತಪ್ಪನ ಮಕ್ಕಳು" ಎಂದು ಕರೆಯುತ್ತಾರೆ. ಸಹಿಗೆ ಮೈದುನನನ್ನು ಕರೆತಾ ಎಂದಿದ್ದಾರೆ. ಮೈದುನ ಬರಬೇಕಾದರೆ ಹೊಲದ ಕಾಗದದ ಮೇಲೆ ಹೆಬ್ಬೆಟ್ಟು ಒತ್ತು ಎನ್ನುತ್ತಾನೆ. ಅವಳಿಗೆ ಪುಣೆಯಲ್ಲಿ ಮಗಳಿಲ್ಲ. ಅವಳ ಸಾಲನ್ನು ಯಾರು ಕೈಯಿಂದ ತಿದ್ದುತ್ತಾರೆ?

ನಿನ್ನ ಹೊಸ ಕಾರ್ಡು ಬಂದರೆ ಅಂಚೆಯವನೆದುರೇ ಹರಿಯುತ್ತೇನೆ. ಎಲ್ಲರದನ್ನೂ ತಿದ್ದು, ಇಲ್ಲವಾದರೆ ಯಾರದನ್ನೂ ತಿದ್ದಬೇಡ.

ಇನ್ನೊಂದು ಸುದ್ದಿ ಇದೆ. ಇದನ್ನು ಮೊದಲೇ ಬರೆಯಬೇಕಿತ್ತು, ಕೈ ಬರಲಿಲ್ಲ. ರಾಮಲಿಂಗಪ್ಪ ರಾಮದುರ್ಗಕ್ಕೆ ಕಾಗದ ಹಾಕಿದ್ದಾರೆ. ವಿರೂಪಾಕ್ಷ ಭಾನುವಾರ ಕಿತ್ತೂರಿಗೆ ಬಂದಿದ್ದನಂತೆ. ಕೈಯಲ್ಲಿ ಪೇಢೆಯ ಡಬ್ಬಿ, ಮಧುವಿಗೆ ಹೊಸ ಬೂಟು. ಅವನ ಎರಡನೆಯ ಹೆಂಡತಿಯೂ ಬಿಟ್ಟುಹೋಗಿದ್ದಾಳೆ. ಸಹಿ ಹಾಕಲು ಅಡ್ಡಿಯಿಲ್ಲ, ಆದರೆ ತಂದೆ ಅಂದ ಮೇಲೆ ಹುಡುಗಿ ತನ್ನ ಮನೆಯಲ್ಲೇ ಇದ್ದು ರಾಮದುರ್ಗದಲ್ಲೇ ಓದಲಿ ಎಂದು ಹೆಡ್ಮಾಸ್ತರರಿಗೆ ಹೇಳಿದ್ದಾನೆ. "ಮನ್ಯಾಗ ರೊಟ್ಟಿ ಬಡಿಯಾಕ ಒಬ್ರು ಬೇಕಲ್ರಿ" ಎಂದು ನಕ್ಕನಂತೆ. ಚೌತಿಗೆ ಬಂದು ಕರೆದುಕೊಂಡು ಹೋಗುತ್ತಾನಂತೆ.

ಬೂಟು ಮಧುವಿನ ಕಾಲಿಗೆ ಸಣ್ಣದಾಯಿತು. ಮಗಳ ಕಾಲು ಎಷ್ಟು ಬೆಳೆದಿದೆ ಎಂದು ಗೊತ್ತಿಲ್ಲದವನು ತಂದೆ.

ಶೆಟ್ಟೆವ್ವ


ಪುಣೆ
೨೩ ಜುಲೈ ೨೦೦೫

ಅವ್ವಗೆ,

ಅವನು ಬಂದದ್ದನ್ನು ಕಾಗದದ ಕೊನೆಗೆ ಬರೆಯುತ್ತೀ. ಮೊದಲು ಬಳೆಯವಳ ಕತೆ, ಮೀಸೆಯ ಕತೆ, ಆಮೇಲೆ ನನ್ನ ಮಗಳು. ನಿನಗೆ ಪ್ರೇಕ್ಷಕರು ತುಂಬಿದ ಮೇಲೆಯೇ ಮುಖ್ಯ ಪಾತ್ರದ ಪ್ರವೇಶವಾಗಬೇಕು. ಅವನ ಬೆಲ್ಟು ಬಿದ್ದದ್ದು ನನ್ನ ಬೆನ್ನಿನ ಮೇಲೆ. ನಿನ್ನ ನ್ಯಾಯದ ಡೋಲು ಬಾರಿಸಲು ಮಧುವಿನ ಚರ್ಮ ಕೊಡುತ್ತೀಯಾ?

ನೀನು ಬೇಡವೆಂದರೂ ನಾನು ಮಧುವಿನ ಸಾಲು ತಿದ್ದಿದೆ. ಮರುದಿನ ನೋಡಿದರೆ ಮತ್ತೆ ಎಫ್. ಇನ್ನೊಮ್ಮೆ ತಿದ್ದಿದೆ, ಮತ್ತೆ ಎಫ್. ಆಮೇಲೆ ಗೊತ್ತಾಯಿತು. ನಾನು ಬರೆದ ಆ ಒಂದು ಸಾಲಿನ ಆಜ್ಞೆಯನ್ನು ಗೌರೀಶರು ದಿನನಿತ್ಯದ ಓಟಕ್ಕೆ ಸೇರಿಸಿಬಿಟ್ಟಿದ್ದಾರೆ. ದಿನಾಲೂ ಕಡತ ಅದರ ಕೈಕೆಳಗೆ ಹಾದುಹೋಗುತ್ತದೆ. ದಿನಾಲೂ ಅದು ಎಂ ಹುಡುಕುತ್ತದೆ. ಇರುವುದು ಮಧುವಿನದೊಂದೇ. ಕಿತ್ತುಕೊಂಡು ಎಫ್ ಕೊಡುತ್ತದೆ. ನಾನು ಕಲಿಸಿದ್ದನ್ನು ನನ್ನ ಮೇಲೆಯೇ ಮಾಡುತ್ತಿದೆ.

ಹಾಗಾಗಿ ನಿನ್ನ ಮಾತಿಗೇ ಬಂದೆ, ಸಿಟ್ಟಿನಿಂದಲೇ ಬಂದೆ. ಎಲ್ಲರದನ್ನೂ ತಿದ್ದೋಣವೆಂದು ಹೊರಟೆ. ಆಗಲಿಲ್ಲ. ಎಂ ಅನ್ನು ಎಫ್ ಮಾಡಿದಷ್ಟು ಸುಲಭವಾಗಿ ಎಫ್ ಅನ್ನು ಎಂ ಮಾಡಲು ಬರುವುದಿಲ್ಲ. ಈಗ ಕಡತದಲ್ಲಿ ಇರುವವರೆಲ್ಲ ಎಫ್. ಅದರಲ್ಲಿ ನಿಜವಾದ ತಂದೆ ಯಾರು, ನಾನು ತಂದೆ ಮಾಡಿದ ತಾಯಿ ಯಾರು ಎಂದು ಯಂತ್ರಕ್ಕೆ ಗೊತ್ತಿಲ್ಲ. ಹಾಲಿಗೆ ನೀರು ಸುರಿದ ಮೇಲೆ ಸೋಸುವ ಅರಿವೆ ಇಲ್ಲ. ಹೆಸರು ನೋಡಿ ಆರಿಸಬಹುದಲ್ಲ ಎನ್ನುತ್ತೀ. ಪೂನಮ್ ಹೆಣ್ಣೋ ಗಂಡೋ ಎಂದು ನೀನು ಎದುರಿಗೆ ನಿಂತು ಹೇಳಿದರೂ ಹೆಡ್ಮಾಸ್ತರರಿಗೇ ತಿಳಿಯಲಿಲ್ಲ, ಯಂತ್ರಕ್ಕೆ ಹೇಗೆ ತಿಳಿದೀತು.

ಒಂದೇ ದಾರಿ ಇತ್ತು, ಹಳೆಯ ಪ್ರತಿ. ರಾಫದುರ್ಗವನ್ನು ರಾಮದುರ್ಗ ಮಾಡಿದ್ದು ಅದರಿಂದಲೇ. ಅಂಥ ಪ್ರತಿ ತುಂಬಿದ ಟೇಪುಗಳನ್ನು ಕೆಲವು ವಾರ ಇಟ್ಟು, ಆಮೇಲೆ ಅದರ ಮೇಲೆಯೇ ಹೊಸದನ್ನು ಬರೆಯುತ್ತಾರೆ. ನಿನ್ನ ಮೊದಲ ಕಾಗದ ಬಂದಾಗ ಅದು ಇನ್ನೂ ಕಪಾಟಿನಲ್ಲಿತ್ತು. ನಿನಗೆ ಉತ್ತರ ಬರೆದು, ಗೆದ್ದೆನೆಂದುಕೊಂಡು ಸುಮ್ಮನಿದ್ದೆ. ಮೊನ್ನೆ ಕೇಳಲು ಹೋದಾಗ ಅದರ ಮೇಲೆ ಯಾವುದೋ ವಿಮೆಯ ಲೆಕ್ಕವಿತ್ತು.

ಗೌರೀಶರ ಹತ್ತಿರ ಹೋದೆ. ಎಲ್ಲ ಹೇಳಿದೆ. ಅವರು ಚಹಾ ತರಿಸಿದರು. ರಾಮದುರ್ಗ ಕೆಟ್ಟಾಗ ಎಷ್ಟು ಫೋನು ಬಂದವು ಎಂದು ಕೇಳಿದರು. ಲೆಕ್ಕವಿಲ್ಲ ಎಂದೆ. ಇದಕ್ಕೆ ಎಷ್ಟು ಬಂದಿವೆ ಎಂದರು. ಒಂದೂ ಇಲ್ಲ ಎಂದೆ.

"ಮತ್ತ ಯಾರೂ ಒದರಿಲ್ಲಂದ್ರ ಅದು ತಪ್ಪ ಹ್ಯಾಂಗ ಆಕ್ಕೈತಿ ಪೂನಮ್?"

ಬಿಸಿ ಚಹಾ ಅವರ ಮೇಜಿನ ಮೇಲೆಯೇ ಬಿಟ್ಟು ಬಂದೆ. ಅವರು ಕೆಟ್ಟವರಲ್ಲ. ಅದಕ್ಕೇ ಸಿಟ್ಟು ಆರುತ್ತಿಲ್ಲ. ಇಷ್ಟು ದೊಡ್ಡ ಯಂತ್ರಕ್ಕೆ ಕಿವಿ ಇರುವುದು ಒಂದೇ ಕಡೆ, ಆ ಫೋನಿನಲ್ಲಿ. ನಂಬರು ಈ ಕಾಗದದ ಹಿಂದೆ ಬರೆದಿದ್ದೇನೆ. ನಿನಗೆ ಗಂಟಲು ಇದೆ ಎಂದು ಊರಿಗೆಲ್ಲ ಗೊತ್ತು. ಅದು ನನ್ನನ್ನು ಬೈಯಲು ಮಾತ್ರವೋ ಏನೋ ನನಗೆ ಗೊತ್ತಿಲ್ಲ.

ಪೂನಮ್


ರಾಮದುರ್ಗ, ಕಂಪನಿಯ ಬಿಡಾರ
೨೪ ಆಗಸ್ಟ್ ೨೦೦೫

ಪೂನಮ್,

ಒಂದು ತಿಂಗಳು ಬರೆಯಲಿಲ್ಲ. ನಿನ್ನ ಕಾಗದದ ಕೊನೆಯ ಮಾತು ಗಂಟಲಿನಲ್ಲೇ ಸಿಕ್ಕಿಕೊಂಡಿತ್ತು. ನಿನ್ನೆ ಅದನ್ನು ಉಗುಳಿದೆ.

ಶ್ರಾವಣಕ್ಕೆ ಕಂಪನಿ ರಾಮದುರ್ಗದಲ್ಲಿ ಠಾಣ್ಯ ಹೂಡಿದೆ. ಮಾಲೀಕ ಬಸಯ್ಯನವರ ಕಾಲು ಹಿಡಿದು ಇನ್ನೊಮ್ಮೆ ಸೇನಾಪತಿಯ ಪಾರ್ಟು ಕೇಳಿ ಪಡೆದೆ. ಈ ವಯಸ್ಸಿಗೆ ಖಡ್ಗ ಎತ್ತಿದರೆ ಹೆಗಲು ಕಟಕಟ ಎನ್ನುತ್ತದೆ. ಮುಖ್ಯ ಅತಿಥಿಗಳಾಗಿ ರಾಮಲಿಂಗಪ್ಪನವರನ್ನು ಕರೆಸಿದೆ. ಶಾಲು ಹೊದೆಸುತ್ತಾರೆಂದರೆ ಬಾರದವರು ಯಾರು? ಸವದತ್ತಿಯ ಸೀತವ್ವ ಊರೂರಿಗೆ ಬಳೆ ಮಾರುತ್ತ ಕಾರ್ಡಿನ ಸುದ್ದಿಯನ್ನೂ ಹಂಚಿದ್ದಳು. ಹೆಂಗಸರ ಕಡೆ ಕಾಲಿಡಲು ಜಾಗವಿರಲಿಲ್ಲ.

ಮೂರನೆಯ ಅಂಕ. ಕಾಡಿನ ಸೀನು. ಸೇನಾಪತಿ ಒಬ್ಬನೇ ಬಂದು ತನ್ನ ರಾಜನನ್ನು ಶಪಿಸುವ ಜಾಗ. ಪರದೆ ಸರಿಯಿತು. ಕಾಡಿನ ಮರಗಳ ಮೇಲೆ, ಜಿಂಕೆಯ ಮೇಲೆ, ಹೊಳೆಯ ಮೇಲೆ ನಾನು ಕದ್ದು ಬರೆದ ಆಳೆತ್ತರದ ಸುಣ್ಣದ ಅಂಕಿಗಳಲ್ಲಿ ನಿನ್ನ ಕಚೇರಿಯ ಫೋನ್ ನಂಬರು. ಜನ ನಕ್ಕರು. ಬದಿಯಲ್ಲಿ ನಿಂತ ಬಸಯ್ಯ ಎದೆ ಹಿಡಿದುಕೊಂಡರು, ಆ ಪರದೆಯೆಂದರೆ ಅವರಿಗೆ ಪ್ರಾಣ.

ನಗು ನಿಲ್ಲುವವರೆಗೆ ಕಾದೆ. ಆಮೇಲೆ ಮೀಸೆ ಕಿತ್ತೆ. ಎಣ್ಣೆ ಇಲ್ಲದೆ. ರಕ್ತ ಬಂತು, ಬರಲಿ. ಇದು ನಾಟಕದ ಮಾತಲ್ಲ ಎಂದು ಹೇಳಿ ಕಾರ್ಡಿನ ಕತೆ ಹೇಳಿದೆ. ಒಂದು ಅಕ್ಷರ ಹೇಗೆ ಹೋಯಿತು, ಅದರ ಜಾಗಕ್ಕೆ ಏನು ಬಂತು, ಎಲ್ಲ ಹೇಳಿದೆ. ಮಾಡಿದವಳು ನನ್ನ ಮಗಳು ಎಂದೂ ಹೇಳಿದೆ. ಅದನ್ನು ಬಿಟ್ಟು ಉಳಿದದ್ದನ್ನು ಹೇಳಿದ್ದರೆ ಉಗುಳು ನುಂಗಿದ ಹಾಗಾಗುತ್ತಿತ್ತು.

ಆಮೇಲೆ ಮುಂದಿನ ಕುರ್ಚಿಯ ಕಡೆ ತಿರುಗಿದೆ.

"ಹೆಡ್ಮಾಸ್ತರ್ರ, ನಿಮ್ಮ ಹೆಸರಿನಾಗ ಒಂದಕ್ಷರ ಕೆಟ್ಟಾಗ ಪುಣೆಗೆ ಫೋನ್ ಹಚ್ಚಿದ್ರಿ, ಸಂಜಿಗೆ ಸರಿ ಆತು. ನಮ್ಮ ಹೆಸರಿನ ಮುಂದ ಒಂದಕ್ಷರ ಕೆಟ್ಟರ ನಮಗ ನಿಯಮಾ ಹೇಳ್ತೀರಿ. ನಿಮ್ಮ ಹೆಸರು ಇಟ್ಟಾಕಿ ಯಾರ್ರಿ? ನಿಮ್ಮವ್ವ ಅಲ್ಲೇನು?"

ಅವರು ಶಾಲಿನ ಅಂಚನ್ನು ಸರಿಮಾಡಿಕೊಂಡರು. ಅಷ್ಟೇ.

ಕಾರ್ಡಿನಲ್ಲಿ ತಂದೆಯಾದ ತಾಯಂದಿರೆಲ್ಲ ಎದ್ದು ನಿಲ್ಲಿರಿ ಎಂದೆ. ಪೂನಮ್, ಒಬ್ಬಳೂ ಏಳಲಿಲ್ಲ. ಗಂಡ ಬಿಟ್ಟವಳು, ಗಂಡ ಸತ್ತವಳು, ಗಂಡನನ್ನು ಬಿಟ್ಟವಳು ಇಷ್ಟು ಗಂಡಸರೆದುರು ಹೇಗೆ ಎದ್ದಾಳು? ಕೊನೆಗೆ ಬಳೆಯ ಸದ್ದಾಯಿತು. ಸೀತವ್ವ ಎದ್ದಳು, ಮಾರುವ ಬಳೆಗಳನ್ನೆಲ್ಲ ತೋಳಿಗೆ ಏರಿಸಿಕೊಂಡು ಬಂದಿದ್ದಳು. ಆಮೇಲೆ ಬೈಲಹೊಂಗಲದವಳೊಬ್ಬಳು. ಆಮೇಲೆ ನೇಕಾರರ ಓಣಿಯ ಇಬ್ಬರು ಒಬ್ಬರ ಕೈ ಒಬ್ಬರು ಹಿಡಿದು. ಆಮೇಲೆ ಯಾರು ಎದ್ದರು ಯಾರು ಕುಳಿತಿದ್ದರು ಗೊತ್ತಾಗಲಿಲ್ಲ.

ಅವರ ನಡುವೆ ನಿನ್ನ ಅತ್ತೆ ಕೆಂಚವ್ವ ಎದ್ದು ನಿಂತಳು. ಅವಳ ಮಗ ವಿರೂಪಾಕ್ಷ ಮೀಸೆ ಬಂದವನು, ಗಂಡಸರ ಕಡೆ ಕಾಲ ಮೇಲೆ ಕಾಲು ಹಾಕಿ ಕುಳಿತಿದ್ದ. ಅವಳಿಗೆ ಯಾವ ಕಾರ್ಡು, ಯಾವ ಶಾಲೆ? ಜನ ನಕ್ಕರು. ವಿರೂಪಾಕ್ಷ ಹಾರಿ ಬಂದು ತೋಳು ಹಿಡಿದು ಕೂರಿಸಿದ. ನನಗೆ ಮೈ ಉರಿಯಿತು. ನನ್ನ ಮಾತನ್ನು ನಗೆಪಾಟಲು ಮಾಡಲೆಂದೇ ಮುದುಕಿ ಎದ್ದಳೆಂದು ಅಲ್ಲಿಂದಲೇ ಒಂದು ಬೈಗುಳ ಬಿಟ್ಟೆ. ಅವಳು ತಲೆ ಎತ್ತಿ ನೋಡಿದಳು.

ನಾಟಕ ಮುಂದುವರಿಯಲಿಲ್ಲ. ಬಸಯ್ಯ ನನ್ನನ್ನು ಕಂಪನಿಯಿಂದ ತೆಗೆದಿದ್ದಾರೆ. ಪರದೆ ತೊಳೆಯುವುದರ ನಡುವೆ ಈ ಕಾಗದ ಬರೆಯುತ್ತಿದ್ದೇನೆ. ನಂಬರು ಹೋಗುತ್ತಿಲ್ಲ. ಚೌತಿಗೆ ಹದಿನಾಲ್ಕು ದಿನ ಇದೆ.

ಗಂಟಲು ಒಡೆದ,
ಶೆಟ್ಟೆವ್ವ


ಪುಣೆ
೧೨ ಸೆಪ್ಟೆಂಬರ್ ೨೦೦೫

ಅವ್ವ,

ನೀನು ಕಾಗದ ಅಂಚೆಗೆ ಹಾಕುವ ಮೊದಲೇ ಫೋನು ಬಡಿಯತೊಡಗಿತ್ತು. ಹೊರಗಿನ ಗದ್ದಲ, ಲಾರಿಯ ಹಾರ್ನು, ಎಸ್‌ಟಿಡಿ ಬೂತಿನವನು "ಜಲ್ದಿ ಮಾತಾಡ್ರಿ" ಎನ್ನುವುದು, ಅದರ ನಡುವೆ ಒಬ್ಬೊಬ್ಬರ ದನಿ. ಗೌರೀಶರು ಮೊದಲ ದಿನ ರಿಸೀವರ್ ತೆಗೆದಿಡಲು ಹೇಳಿದರು. ಎರಡನೆಯ ದಿನ ಹೆಂಗಸರು ಅವರ ಮನೆಯ ನಂಬರು ಹುಡುಕಿ ಹಚ್ಚಿದರು. ಎತ್ತಿದವಳು ಅವರ ಹೆಂಡತಿ ಶೈಲಜಾ. ಮೂರನೆಯ ದಿನ ಸಾಹೇಬರೇ ಮುಂಬಯಿಗೆ ಮಾತಾಡಿದರು. ಹೊಸ ವ್ಯವಸ್ಥೆ ಎಂ ಅನ್ನು ಒಪ್ಪುವಂತೆ ಮಾಡಲು ಅಲ್ಲಿಯವರಿಗೆ ಎಷ್ಟು ಹೊತ್ತು ಬೇಕಾಯಿತು ಗೊತ್ತೇ? ಒಂದು ಊಟದ ಬಿಡುವು. ಒಪ್ಪುವ ಅಕ್ಷರಗಳ ಪಟ್ಟಿಗೆ ಇನ್ನೊಂದನ್ನು ಸೇರಿಸಬೇಕಿತ್ತು, ಅಷ್ಟೇ. ಮೇ ತಿಂಗಳಲ್ಲೇ ಸೇರಿಸಬಹುದಿತ್ತು. ಕೇಳಿದವರಿರಲಿಲ್ಲ. ನಾನೂ ಕೇಳಲಿಲ್ಲ. ಈ ಸಿಟ್ಟನ್ನು ಎಲ್ಲಿ ಇಡಬೇಕೋ ನನಗೆ ಗೊತ್ತಾಗುತ್ತಿಲ್ಲ.

ನಾನು ಬರೆದ ಆಜ್ಞೆಯನ್ನು ನಾನೇ ಕಿತ್ತೆ. ತಿದ್ದುವುದಕ್ಕೆ ಈಗ ಯಾವ ಸಾಧನವೂ ಇಲ್ಲ. ಹಗಲೆಲ್ಲ ಫೋನಿನ ಮುಂದೆ ಕೂತು, ಒಬ್ಬೊಬ್ಬರನ್ನೂ ಕೇಳಿ, ಒಂದೊಂದೇ ಅಕ್ಷರ ಒತ್ತುತ್ತಿದ್ದೇನೆ. ಫೋನು ಮಾಡದವರು ಎಷ್ಟು ಜನ ಉಳಿದಿದ್ದಾರೋ ತಿಳಿಯದು. ಅವರು ತಂದೆಯರಾಗಿಯೇ ಉಳಿಯುತ್ತಾರೆ.

ಮಧುವಿನ ಕಾರ್ಡು ಚೌತಿಯ ಹಿಂದಿನ ದಿನ ಕಿತ್ತೂರಿಗೆ ತಲುಪಿತು. ನೀನು ಕೇಳುವುದು ಅದಲ್ಲ, ಚೌತಿಯ ದಿನ ವಿರೂಪಾಕ್ಷ ಯಾಕೆ ಬರಲಿಲ್ಲ ಎಂದು. ಕಾರ್ಡಿನ ಸುದ್ದಿ ಅವನಿಗೆ ಗೊತ್ತಿರಲಿಲ್ಲ. ಟೆಂಪೋ ತೊಳೆದು ಸಿದ್ಧ ಮಾಡಿದ್ದನಂತೆ. ನನಗೆ ಮೊನ್ನೆಯವರೆಗೆ ತಿಳಿಯಲಿಲ್ಲ.

ಮೊನ್ನೆ ರಾಮದುರ್ಗದಿಂದ ಒಂದು ಫೋನು ಬಂತು. ಹೆಸರು ಕೇಳಿದೆ.

"ಕೆಂಚವ್ವ ಅಂತ ಬರಕೊ."

ನನ್ನ ಅತ್ತೆ. ಅವಳಿಗೆ ನನ್ನ ದನಿ ಗುರುತು ಸಿಕ್ಕಿತೋ ಇಲ್ಲವೋ. ಮಗುವಿನ ಹೆಸರು ಕೇಳಿದೆ.

"ವಿರೂಪಾಕ್ಷ."

ಯಾವ ಶಾಲೆ, ಎಷ್ಟನೆಯ ತರಗತಿ ಎಂದೆ. ಎಲ್ಲರಿಗೂ ಕೇಳುವುದನ್ನೇ ಕೇಳಿದೆ, ಬೇರೇನು ಕೇಳಬೇಕೆಂದು ಹೊಳೆಯಲಿಲ್ಲ. ಸಾಲಿ ಬಿಟ್ಟು ಇಪ್ಪತ್ತು ವರ್ಷವಾಯಿತು ಎಂದಳು. ಹಾಗಾದರೆ ನಮ್ಮ ಕಡತದಲ್ಲಿ ಅವನ ಹೆಸರಿಲ್ಲ, ಬರೆದುಕೊಳ್ಳಲು ಜಾಗವಿಲ್ಲ ಎಂದೆ. ಅವಳು ಫೋನು ಇಡಲಿಲ್ಲ. ಚೌತಿಯ ದಿನ ಟೆಂಪೋದ ಗಾಲಿಯ ಮುಂದೆ ಅಡ್ಡ ಮಲಗಿದ್ದಾಗಿ ಹೇಳಿದಳು. ಓಣಿಯೆಲ್ಲ ಕೂಡಿತಂತೆ. ಅವನು ಬೈದ, ಹಾರ್ನು ಹೊಡೆದ, ಕೊನೆಗೆ ಕೀಲಿ ಎಸೆದು ಒಳಗೆ ಹೋದನಂತೆ. ಅವಳು ಇದನ್ನು ಬಿಸಿಲಿಗೆ ಹಪ್ಪಳ ಹಾಕಿದೆ ಎಂಬಷ್ಟು ಸಾದಾ ದನಿಯಲ್ಲಿ ಹೇಳಿದಳು.

ಆಮೇಲೆ ಅಂದಳು.

"ಇವ ನಿನಗ ಬೆಲ್ಟ್ ತಗೊಂಡಾಗ ನಾ ಒಳಗ ರೊಟ್ಟಿ ಬಡೀತಿದ್ದೆ. ಊರ ಮಂದಿ ಇವನ್ನ ಬೈಯುವಾಗ ಇವರಪ್ಪನ ಹೆಸರು ತಗೊಂಡು ಬೈತಾರ, ಎಂಥಾವಗ ಹುಟ್ಯಾನ ನೋಡು ಅಂತ. ಅಂವ ಇವ ಹುಟ್ಟೂದ್ರಾಗ ಸತ್ತಾನ. ಇವನ್ನ ಬೆಳೆಸಿದಾಕಿ ನಾನು. ಬೈಗುಳಾ ನನ್ನ ಹೆಸರಿಗೆ ಬರ್ಲಿ. ತಾಯಿ ಅಂತ ಬರಕೊ."

ಅವ್ವ, ಈ ಕೆಲಸದಲ್ಲಿ ನೂರಾರು ಹೆಂಗಸರು ತಾಯಿ ಎಂದು ಬರೆದುಕೋ ಎಂದು ಕೇಳಿದ್ದಾರೆ. ಎಲ್ಲರೂ ಹಕ್ಕಿಗೆ ಕೇಳಿದರು. ತಪ್ಪನ್ನು ಹೊರಲು ಕೇಳಿದವಳು ಇವಳೊಬ್ಬಳೇ. ರಂಗದ ಮೇಲಿಂದ ನೀನು ಬೈದದ್ದು ಇವಳನ್ನು. ನನಗೆ ಇವಳ ಮೇಲಿನ ಸಿಟ್ಟು ಎಂಟು ವರ್ಷದ್ದು, ಅದು ಹೋಗಿಲ್ಲ, ಹೋಗುತ್ತದೆಂದು ನಿನಗೆ ಸುಳ್ಳು ಬರೆಯುವುದಿಲ್ಲ. ಕಡತದಲ್ಲಿ ಜಾಗ ನಿಜವಾಗಿಯೂ ಇರಲಿಲ್ಲ.

ಬರಕೊಂಡೇನ್ರಿ, ಎಂದೆ.

ಆಕೆ ಅಲ್ಲಿಗೂ ಫೋನು ಇಡಲಿಲ್ಲ. "ಓದಿ ಹೇಳು" ಎಂದಳು.

ಖಾಲಿ ಪರದೆಯನ್ನು ನೋಡುತ್ತ ಓದಿದೆ. ಹೆಸರು, ವಿರೂಪಾಕ್ಷ. ಪಾಲಕರು, ಕೆಂಚವ್ವ. ಸಂಬಂಧ, ತಾಯಿ.

ನಿನ್ನ ಮಗಳು,
ಮಧುವಿನ ತಾಯಿ
ಪೂನಮ್